ಕೊಳಲಲ್ಲದ ಫ್ಲೂಟು



ಹೋದ ವಾರ ಔಂಧ್‌ನಿಂದ ಕೇಳುಗರೊಬ್ಬರು ಫೋನ್ ಮಾಡಿದ್ದರು. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಕೊಡಗಿನವರು. ಮಗ ಬಾಲೇವಾಡಿ ರೇಂಜಿನಲ್ಲಿ ರೈಫಲ್ ಕಲಿಯುತ್ತಿದ್ದಾನೆ, ಮುಂದೆ 300 ಮೀಟರ್ ಸ್ಪರ್ಧೆಯ ಆಸೆ. "ಫ್ಲೂಟೆಡ್ ಬ್ಯಾರೆಲ್ ಇದ್ರೆ ದೂರದ ಗುರಿ ತಪ್ಪಲ್ವಂತೆ. ಸಾಲ ಮಾಡಿಯಾದ್ರೂ ಕೊಡಿಸ್ಲಾ ಸಾರ್?" ಎಂದರು. ನಾನೋ ಕನ್ನಡ ಬಿ.ಎ.! ಫ್ಲೂಟ್ ಎಂದರೆ ಕೊಳಲು ಎಂದಷ್ಟೇ ಗೊತ್ತಿತ್ತು. ವಾರ ಸಮಯ ಕೇಳಿ, ಓದಿ ತಿಳಿದುಕೊಂಡದ್ದು ಇಲ್ಲಿದೆ.

ಗುಂಡನ್ನು ತಿರುಗಿಸುವ ಸುರುಳಿ ಗೀರು ನಳಿಗೆಯ ಒಳಗಿರುತ್ತದೆ. ಅದಿಲ್ಲದಿದ್ದರೆ ಅದು ರೈಫಲ್ಲೇ ಅಲ್ಲ. ನಾವು ಮಾತಾಡುತ್ತಿರುವುದು ನಳಿಗೆಯ ಹೊರಮೈಯಲ್ಲಿ ಕೊರೆದ ಗೀರುಗಳ ಬಗ್ಗೆ. ಇವುಗಳಿಗೆ ಮೂರು ಗುಣ ಹೇಳುತ್ತಾರೆ.

ಒಂದು, ನಳಿಗೆ ಹಗುರವಾಗುತ್ತದೆ. ನಿಜ. ಉಕ್ಕು ಕೆರೆದು ತೆಗೆದರೆ ತೂಕ ಇಳಿಯಲೇಬೇಕು.

ಎರಡು, ಬಿಗಿಯಾಗುತ್ತದೆ. ಇದು ಅರ್ಧ ಸತ್ಯ. ಒಂದೇ ದಪ್ಪದ ಎರಡು ನಳಿಗೆಗಳಲ್ಲಿ ಗೀರಿನದೇ ಹೆಚ್ಚು ಬಾಗುತ್ತದೆ. ಒಂದೇ ತೂಕದ ಎರಡನ್ನು ಹೋಲಿಸಿದರೆ ಮಾತ್ರ ಗೀರಿನದು ಗೆಲ್ಲುತ್ತದೆ, ಏಕೆಂದರೆ ಅದರ ಸುತ್ತಳತೆ ದೊಡ್ಡದು. ನಳಿಗೆಯ ದಪ್ಪ ಶೇಕಡಾ 10 ಹೆಚ್ಚಾದರೆ ಬಿಗಿ ಸುಮಾರು ಒಂದೂವರೆ ಪಟ್ಟಾಗುತ್ತದೆ.

ಮೂರು, ಬೇಗ ತಣ್ಣಗಾಗುತ್ತದೆ. ನಮ್ಮ ಪುಣೆಯ ಹಳೇ ಚೇತಕ್ ಸ್ಕೂಟರಿನ ಎಂಜಿನ್ ರೆಕ್ಕೆಗಳು ನೆನಪಾದವೇ? ಗಾಳಿಗೆ ಒಡ್ಡಿದ ಮೈ ಹೆಚ್ಚಾದರೆ ಶಾಖ ಬೇಗ ಹೋಗುವುದು ಸರಿಯೇ. ಆದರೆ ದೋಸೆ ಹಂಚನ್ನೂ ನೆನಪಿಸಿಕೊಳ್ಳಿ. ತೆಳು ಹಂಚು ಬೇಗ ಕಾಯುತ್ತದೆ, ದಪ್ಪ ಹಂಚು ನಿಧಾನ. ಉಕ್ಕು ಕಡಿಮೆಯಾದ ನಳಿಗೆಯೂ ಹಾಗೆಯೇ, ಬೇಗ ತಣಿಯುತ್ತದೆ, ಬೇಗ ಕಾಯುತ್ತದೆ ಕೂಡ.

ಇನ್ನೊಂದು ಅಪಾಯವಿದೆ. ಗೀರುಗಳು ಸಮನಾಗಿ ಬೀಳದಿದ್ದರೆ, ನಳಿಗೆ ಬಿಸಿಯಾದಾಗ ಕೂದಲೆಳೆಯಷ್ಟು ವಾಲಬಹುದು. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ವಾಲಿದರೂ 300 ಮೀಟರಿನಲ್ಲಿ ಗುಂಡು ಸುಮಾರು 9 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ಅಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10 ಸೆಂ.ಮೀ. ನಡುವಿಗೆ ಗುರಿಯಿಟ್ಟ ಗುಂಡು ಹೊರಗೇ!

ಹಾಗಾದರೆ ಇದು ಯಾರಿಗೆ ಬೇಕು? ಬಂದೂಕು ಹೊತ್ತು ಬೆಟ್ಟ ಹತ್ತುವ ಸೈನಿಕರಿಗೆ, ಹೊರದೇಶದ ಬೇಟೆಗಾರರಿಗೆ. ಸ್ಪರ್ಧೆಯಲ್ಲಿ ಹೊತ್ತು ನಡೆಯುವುದಿಲ್ಲ. ಅಂತರರಾಷ್ಟ್ರೀಯ ನಿಯಮ 8 ಕೆ.ಜಿ. ತೂಕದವರೆಗೆ ಒಪ್ಪುತ್ತದೆ. ಭಾರದ ರೈಫಲ್ ಕಡಿಮೆ ಅಲುಗುತ್ತದೆ, ಕಡಿಮೆ ಒದೆಯುತ್ತದೆ. ಅಲ್ಲಿ ತೂಕ ಶತ್ರುವಲ್ಲ, ಸ್ನೇಹಿತ.

ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ ಇದೇ ಬಾಲೇವಾಡಿಯಲ್ಲಿ ಅಭ್ಯಾಸ ಮಾಡಿದವರು, ಪುಣೆಯಲ್ಲಿ ರೈಲ್ವೆ ಟಿಕೆಟ್ ತಪಾಸಣೆಯ ಕೆಲಸದಲ್ಲಿದ್ದವರು. 2012ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗುಂಡು ಹಾರಿಸಿದ ಅವರಿಗೆ ಮೊದಲ ಒಲಿಂಪಿಕ್ಸ್ ಸಿಕ್ಕಿದ್ದು 2024ರಲ್ಲಿ. ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು. ಆ 12 ವರ್ಷದ ಅಭ್ಯಾಸ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅದಕ್ಕೇ ಔಂಧ್‌ನ ಅಣ್ಣಾ, ಸಾಲ ಬೇಡ. ಮಗನಿಗೆ ಗೀರಿಲ್ಲದ ದಪ್ಪ ನಳಿಗೆಯೇ ಸಾಕು. ಉಳಿದ ದುಡ್ಡು ಕಾಡತೂಸಿಗೂ ಕೋಚಿಗೂ ಹೋಗಲಿ. ಅವನು ಹತ್ತಕ್ಕೆ ಹತ್ತು ಹೊಡೆದ ದಿನ ಮರೆಯದೆ ಫೋನ್ ಮಾಡಿ. ಹಾಡು ನಿಮ್ಮ ಆಯ್ಕೆ!