ಒಂದೇ ಮಸೂರಕ್ಕೆ ಇಬ್ಬರು ಹಕ್ಕುದಾರರು

ಛಾಯಾಚಿತ್ರ ತೆಗೆಯುವ ಪೆಟ್ಟಿಗೆಗೆ ಬೇಕಾದುದು ವಸ್ತುತಃ ಬಹಳ ಕಡಿಮೆ: ಬೆಳಕು ಹೊಗದ ಒಂದು ಗೂಡು, ಅದರ ಮುಂಗೋಡೆಯಲ್ಲಿ ಒಂದು ಮಸೂರ, ಹಿಂಗೋಡೆಯಲ್ಲಿ ಬೆಳಕು ಸೋಕಿದೊಡನೆ ಮಾರ್ಪಡುವ ಲೇಪವುಳ್ಳ ಫಿಲ್ಮು, ಇವೆರಡರ ನಡುವೆ ಬೇಕೆಂದಾಗ ತೆರೆದು ಮುಚ್ಚುವ ಒಂದು ಕದ. ಇಷ್ಟೇ ಸಾಕಾಗಿರುವಲ್ಲಿ, ಕಳೆದ ಶತಮಾನದ ಉತ್ತರಾರ್ಧದಲ್ಲಿ ಮದುವೆಯ ಮಂಟಪದಿಂದ ಯುದ್ಧರಂಗದವರೆಗೆ ಎಲ್ಲೆಡೆಯೂ ಕಾಣಿಸಿಕೊಂಡ ಎಸ್‌ಎಲ್‌ಆರ್ (ಸಿಂಗಲ್ ಲೆನ್ಸ್ ರಿಫ್ಲೆಕ್ಸ್) ಕ್ಯಾಮೆರಾದ ಒಡಲಲ್ಲಿ ಕನ್ನಡಿ, ಪಟ್ಟಕ, ಪರದೆ, ಸನ್ನೆ, ಸ್ಪ್ರಿಂಗು, ಹಲ್ಲುಚಕ್ರಗಳ ಅಷ್ಟು ದೊಡ್ಡ ಸಂಸಾರವೇಕೆ ಎಂದು ಕೇಳಿದರೆ ಉತ್ತರ ಒಂದೇ: ಅಲ್ಲಿರುವ ಒಂದೇ ಮಸೂರಕ್ಕೆ ಇಬ್ಬರು ಹಕ್ಕುದಾರರಿದ್ದಾರೆ. ಚಿತ್ರ ತೆಗೆಯುವವನ ಕಣ್ಣು ಒಬ್ಬ ಹಕ್ಕುದಾರ, ಫಿಲ್ಮು ಇನ್ನೊಬ್ಬ. ಈ ವ್ಯಾಜ್ಯವನ್ನು ತೀರಿಸಲು ಮಾಡಿದ ಒಂದೊಂದು ಏರ್ಪಾಡೂ ಹೊಸದೊಂದು ತೊಡಕನ್ನು ತಂದಿತು. ಆ ತೊಡಕನ್ನು ಕಳೆಯಲು ಮತ್ತೊಂದು ಏರ್ಪಾಡು ಬೇಕಾಯಿತು.

ಅನೇಕ ಹಳೆಯ ಕ್ಯಾಮೆರಾಗಳಲ್ಲಿ ಈ ವ್ಯಾಜ್ಯ ಹುಟ್ಟಲೇ ಇಲ್ಲ; ಕಣ್ಣಿಗೆಂದು ಬೇರೆಯೇ ಒಂದು ಕಿಟಕಿಯನ್ನು ಮಸೂರದ ಮೇಲುಗಡೆಯೋ ಪಕ್ಕದಲ್ಲೋ ಇಟ್ಟಿದ್ದರು. ದೂರದ ಬೆಟ್ಟವನ್ನು ನೋಡುವಾಗ ಅದರಿಂದ ಬಾಧಕವಿಲ್ಲ. ಆದರೆ ಮೊಳದಂತರದ ಹೂವೊಂದನ್ನು ಹಿಡಿಯಹೊರಟರೆ, ಕಿಟಕಿಗೂ ಮಸೂರಕ್ಕೂ ನಡುವಣ ಎರಡಂಗುಲದ ಅಂತರವೇ ಚಿತ್ರವನ್ನು ಕೆಡಿಸಲು ಸಾಕಾಗಿ, ಕಿಟಕಿಯ ನಟ್ಟನಡುವೆ ಕಂಡ ಹೂವು ಫಿಲ್ಮಿನಲ್ಲಿ ಅಂಚಿಗೆ ಸರಿದು ಅರ್ಧ ಕತ್ತರಿಸಿಹೋಗುತ್ತದೆ. ಅಲ್ಲದೆ ದೂರದ ವಸ್ತುವನ್ನು ಹತ್ತಿರಕ್ಕೆ ಸೆಳೆಯುವ ಉದ್ದನೆಯ ಟೆಲಿ ಮಸೂರವನ್ನು ಜೋಡಿಸಿದರೆ, ಮಸೂರ ಬದಲಾದ ಸಂಗತಿಯೇ ಆ ಕಿಟಕಿಗೆ ತಿಳಿಯದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಂತೆ ಹಕ್ಕಿಗಳ ಬೆನ್ನು ಹತ್ತಿದವರಿಗೆ, ಫಿಲ್ಮು ಏನನ್ನು ಕಾಣಲಿದೆಯೋ ಅದನ್ನೇ ತಾವೂ ಕಾಣದೆ ಕೆಲಸ ಸಾಗುವಂತಿಲ್ಲ.

ಹೀಗಾಗಿ ಮಸೂರದ ಹಿಂದೆ, 45 ಡಿಗ್ರಿ ಓರೆಯಾಗಿ, ಒಂದು ಕನ್ನಡಿ ಬಂದು ನಿಂತಿತು. ಇಂಗ್ಲೆಂಡಿನ ಥಾಮಸ್ ಸಟನ್ ಇಂಥದೊಂದು ಕ್ಯಾಮೆರಾಕ್ಕೆ 1861ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದನು. ಒಳಬಂದ ಬೆಳಕನ್ನು ಕನ್ನಡಿಯು ಮೇಲಕ್ಕೆ ತಿರುಗಿಸಿ ಒಂದು ಮಬ್ಬುಗಾಜಿನ ಮೇಲೆ ಬೀಳಿಸುತ್ತದೆ. ಬಿಂಬ ಅಲ್ಲಿ ಮೂಡುತ್ತದೆ. ಇದರಲ್ಲಿ ಅಡಗಿರುವ ಕರಾರು ಬಹಳ ಬಿಗಿಯಾದದ್ದು: ಮಸೂರದಿಂದ ಕನ್ನಡಿಯ ಮೂಲಕ ಮಬ್ಬುಗಾಜಿಗೆ ಎಷ್ಟು ದೂರವೋ, ಮಸೂರದಿಂದ ನೇರವಾಗಿ ಫಿಲ್ಮಿಗೂ ಅಷ್ಟೇ ದೂರವಿರತಕ್ಕದ್ದು. ಕನ್ನಡಿ ಕೂದಲೆಳೆಯಷ್ಟು ತಗ್ಗಿ ಕುಳಿತರೂ ಕಣ್ಣಿಗೆ ಸ್ಫುಟವಾಗಿ ಕಂಡ ಮುಖ ಫಿಲ್ಮಿನಲ್ಲಿ ಮಸುಕಾಗಿ ಬರುವುದು.

ಮುಂದಿನ ತೊಡಕು ಬಿಂಬದ ದಿಕ್ಕಿನದು. ಮಸೂರವು ಬಿಂಬವನ್ನು ತಲೆಕೆಳಗು ಮಾಡುವುದಲ್ಲದೆ ಎಡಬಲಗಳನ್ನೂ ಅದಲುಬದಲು ಮಾಡುತ್ತದೆ. ಕನ್ನಡಿಯು ತಲೆಕೆಳಗಾದುದನ್ನು ನೆಟ್ಟಗೆ ನಿಲ್ಲಿಸುತ್ತದೆಯೇ ಹೊರತು ಎಡಬಲಗಳ ಗೊಂದಲವನ್ನು ಹಾಗೆಯೇ ಉಳಿಸುತ್ತದೆ. 1936ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಿಂದ ಹೊರಬಂದ ಕೀನೆ ಎಕ್ಸಾಕ್ಟಾ ಎಂಬ 35 ಮಿ.ಮೀ. ಎಸ್‌ಎಲ್‌ಆರ್ ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡುತ್ತಿದ್ದವರು, ಎಡಕ್ಕೆ ಓಡುವ ಕುದುರೆಯನ್ನು ಹಿಂಬಾಲಿಸಲು ಬಿಂಬ ತೋರಿದ ದಿಕ್ಕಿಗೆ ವಿರುದ್ಧವಾಗಿ ಕೈ ತಿರುಗಿಸಬೇಕಾಗಿತ್ತು. ಅದೇ ನಗರದಲ್ಲಿ 1949ರಲ್ಲಿ ತಯಾರಾದ ಕಾಂಟ್ಯಾಕ್ಸ್ ಎಸ್, ಮಬ್ಬುಗಾಜಿನ ಮೇಲೆ ಪೆಂಟಾಪ್ರಿಸಂ ಎಂಬ ಗಾಜಿನ ಪಟ್ಟಕವನ್ನಿರಿಸಿ ಈ ಕಷ್ಟವನ್ನು ಕಳೆಯಿತು. ಆ ಪಟ್ಟಕದ ನೆತ್ತಿಯಲ್ಲಿ ಎರಡು ಮುಖಗಳು ಹೆಂಚಿನ ಮನೆಯ ಮಾಡಿನಂತೆ ಇಳಿಜಾರಾಗಿ ಒಂದನ್ನೊಂದು ಕೂಡುತ್ತವೆ. ಬಲಭಾಗದ ಕಿರಣ ಒಂದು ಇಳಿಜಾರಿಗೆ ತಾಗಿ ಎಡದ ಇಳಿಜಾರಿಗೆ ಜಿಗಿಯುತ್ತದೆ, ಎಡಭಾಗದ್ದು ಬಲಕ್ಕೆ. ಅನಂತರ ಎರಡೂ ಮುಂಬದಿಯ ಮುಖದಿಂದ ಹಿಂದಿರುಗಿ ನೋಡುವವನ ಕಣ್ಣಿಗೆ ಬರುತ್ತವೆ. ಎಸ್‌ಎಲ್‌ಆರ್ ಕ್ಯಾಮೆರಾದ ನೆತ್ತಿಯ ಮೇಲೆ ಎದ್ದು ಕಾಣುವ ಗೋಪುರದೊಳಗೆ ಇರುವುದು ಈ ಪಟ್ಟಕವೇ.

ಇಲ್ಲಿಗೆ ಕಣ್ಣಿನ ಹಕ್ಕು ಸಂದಿತು. ಆದರೆ ಕನ್ನಡಿಯು ದಾರಿಗೆ ಅಡ್ಡವಾಗಿ ನಿಂತಿರುವಷ್ಟು ಕಾಲ ಫಿಲ್ಮಿಗೆ ಬೆಳಕಿಲ್ಲ. ಆದುದರಿಂದ ಗುಂಡಿಯನ್ನು ಒತ್ತಿದಾಗ ಕನ್ನಡಿಯು ಸ್ಪ್ರಿಂಗಿನ ಬಲದಿಂದ ಮೇಲಕ್ಕೆ ಚಿಮ್ಮಿ ಮಬ್ಬುಗಾಜಿನ ಅಡಿಗೆ ಒರಗುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಮೊದಮೊದಲ ಕ್ಯಾಮೆರಾಗಳಲ್ಲಿ, ಮುಂದಿನ ಚಿತ್ರಕ್ಕಾಗಿ ಫಿಲ್ಮನ್ನು ಸುತ್ತುವವರೆಗೂ ಆ ಕತ್ತಲೆ ಕಳೆಯುತ್ತಿರಲಿಲ್ಲ. ಕನ್ನಡಿಯನ್ನು ತತ್‌ಕ್ಷಣವೇ ಸ್ವಸ್ಥಾನಕ್ಕೆ ಇಳಿಸುವ ಉಪಾಯವನ್ನು ಹಂಗೆರಿಯ ಡುಫ್ಲೆಕ್ಸ್ ಮೊದಲೇ ಕಂಡುಕೊಂಡಿತ್ತಾದರೂ, ಅದನ್ನು ಬಳಕೆಗೆ ತಂದು ಊರ್ಜಿತಗೊಳಿಸಿದ್ದು 1954ರ ಜಪಾನೀ ಕ್ಯಾಮೆರಾ ಅಸಾಹಿಫ್ಲೆಕ್ಸ್. ಅಂದಿನಿಂದ ಆ ಕತ್ತಲೆ ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ ಇಳಿದಿದೆ. ಆದರೆ ಅದು ಪೂರ್ತಿ ಅಳಿದಿಲ್ಲ. ಫಿಲ್ಮಿನ ಮೇಲೆ ಯಾವ ಕ್ಷಣ ಬಿದ್ದಿದೆಯೋ ಆ ಕ್ಷಣವನ್ನು ಛಾಯಾಗ್ರಾಹಕನು ಕಿಂಡಿಯಲ್ಲಿ ಕಂಡಿರುವುದಿಲ್ಲ.

ಕದವನ್ನು ಎಲ್ಲಿ ಇಡಬೇಕೆಂಬುದು ಇನ್ನೊಂದು ಪ್ರಶ್ನೆ. ಕಣ್ಣು ನೋಡುತ್ತಿರುವಷ್ಟು ಹೊತ್ತೂ ಮಸೂರ ತೆರೆದೇ ಇರಬೇಕಾದುದರಿಂದ, ಷಟರ್ ಎಂಬ ಕದಕ್ಕೆ ಕನ್ನಡಿಯ ಹಿಂದೆ, ಫಿಲ್ಮಿಗೆ ತೀರ ಮುಂದುಗಡೆ, ಸ್ಥಳ ಕಲ್ಪಿಸಿದರು. ಅದರಿಂದ ಫಿಲ್ಮು ಒಳಗಿರುವಾಗಲೇ ಮಸೂರವನ್ನು ಬಿಚ್ಚಿ ಬೇರೆಯದನ್ನು ಹಾಕುವ ಸೌಕರ್ಯವೂ ಒದಗಿತು. 1976ರಿಂದ 1997ರವರೆಗೆ ತಯಾರಾಗಿ, 30 ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ, ಛಾಯಾಗ್ರಹಣ ಕಲಿಯುವವರ ಕೈಯಲ್ಲಿ ಬಹುಕಾಲ ನೆಲೆಸಿದ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾದ ಬೆನ್ನಿನ ಮುಚ್ಚಳವನ್ನು ತೆರೆದು ನೋಡಿದರೆ ಈ ಕದ ಕಾಣುತ್ತದೆ: ರಬ್ಬರು ಲೇಪಿಸಿದ ಕಪ್ಪು ಬಟ್ಟೆಯ ಎರಡು ಪರದೆಗಳು. ಷಟರ್ ಗಾಲಿಯನ್ನು ಒಂದು ಸೆಕೆಂಡಿಗೆ ತಿರುಗಿಸಿ ಗುಂಡಿ ಒತ್ತಿದರೆ, ಮೊದಲ ಪರದೆ ಸರ್ರನೆ ಸರಿದು 24×36 ಮಿ.ಮೀ. ಅಳತೆಯ ಚೌಕಟ್ಟು ತೆರೆದುಕೊಳ್ಳುತ್ತದೆ. ಒಳಗೆ ಹಲ್ಲುಚಕ್ರಗಳು ಗಿರ್ರೆಂದು ಸದ್ದು ಮಾಡುತ್ತವೆ. ಅನಂತರ ಎರಡನೆಯ ಪರದೆ ಹಿಂಬಾಲಿಸಿ ಬಂದು ಮುಚ್ಚುತ್ತದೆ. ಗಾಲಿಯನ್ನು 1/1000 ಸೆಕೆಂಡಿಗೆ ತಿರುಗಿಸಿದರೆ ಪರದೆಗಳ ಓಟವೇನೂ ಹೆಚ್ಚುವುದಿಲ್ಲ. ಮೊದಲನೆಯದು ಹೊರಟ ಬೆನ್ನಿಗೇ ಎರಡನೆಯದೂ ಹೊರಡುವುದರಿಂದ, ಅವುಗಳ ನಡುವೆ ಎರಡು ಮೂರು ಮಿಲಿಮೀಟರಿನ ಸೀಳು ಮಾತ್ರ ಉಳಿದು, ಅದು ಫಿಲ್ಮಿನ ಒಂದು ಕೊನೆಯಿಂದ ಇನ್ನೊಂದಕ್ಕೆ ಗುಡಿಸುತ್ತ ಹೋಗುತ್ತದೆ. ಚಿತ್ರದ ಎಡಬಲ ಭಾಗಗಳು ಏಕಕಾಲದವಲ್ಲವಾದ ಕಾರಣ, ವೇಗವಾಗಿ ಸಾಗುವ ವಾಹನ ಚಿತ್ರದಲ್ಲಿ ತುಸು ಹಿಗ್ಗಿಯೋ ಕುಗ್ಗಿಯೋ ಬರುವುದುಂಟು. ಫ್ಲಾಷ್ ಬೆಳಕಿಗೆ 1/60 ಸೆಕೆಂಡನ್ನು ಮೀರಬಾರದೆಂಬ ನಿಯಮಕ್ಕೂ ಇದೇ ಮೂಲ: ಅದಕ್ಕಿಂತ ಚುರುಕಾದ ವೇಗಗಳಲ್ಲಿ ಚೌಕಟ್ಟು ಒಮ್ಮೆಲೇ ಪೂರ್ತಿ ತೆರೆದಿರುವ ಗಳಿಗೆಯೇ ಇಲ್ಲದ್ದರಿಂದ, ಫ್ಲಾಷು ಮಿಂಚಿದಾಗ ಸೀಳು ಇದ್ದೆಡೆಗಷ್ಟೇ ಬೆಳಕು ಬಿದ್ದು ಮಿಕ್ಕ ಭಾಗ ಕಪ್ಪಾಗುತ್ತದೆ.

ಮಸೂರದೊಳಗಿನ ರಂಧ್ರದ ವಿಷಯದಲ್ಲೂ ಹಕ್ಕುದಾರರಿಬ್ಬರ ಅಪೇಕ್ಷೆಗಳು ಭಿನ್ನವಾಗಿವೆ. ಅಪರ್ಚರ್ ಉಂಗುರದ ಮೇಲೆ ಕೆತ್ತಿದ 2, 2.8, 4, 5.6, 8, 11, 16 ಎಂಬ ಅಂಕಿಗಳು ಮಸೂರದ ನಾಭೀದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿ ಬಂದವು. ಒಂದೊಂದು ಮೆಟ್ಟಿಲು ಏರಿದಂತೆ ರಂಧ್ರದ ವಿಸ್ತೀರ್ಣ ಅರ್ಧಕ್ಕಿಳಿಯುತ್ತದೆ. ಎದುರಿನ ಮುಖವೂ ಹಿಂದಿನ ಗೋಪುರವೂ ಒಟ್ಟಿಗೆ ಸ್ಫುಟವಾಗಿ ಬರಲೆಂದು 16ಕ್ಕೆ ಇಟ್ಟರೆ, 2ರಲ್ಲಿ ಬರುತ್ತಿದ್ದ ಬೆಳಕಿನ 64ರಲ್ಲಿ ಒಂದು ಪಾಲು ಮಾತ್ರ ಒಳಬರುವುದು. ಅಷ್ಟರಲ್ಲಿ ಕಣ್ಣಿಗೆ ಮಬ್ಬುಗಾಜಿನ ಮೇಲೆ ಏನೂ ಕಾಣದು. ಆದಕಾರಣ, ನೋಡುವಾಗ ರಂಧ್ರ ಪೂರ್ತಿ ತೆರೆದಿದ್ದು, ಗುಂಡಿ ಒತ್ತಿದಾಗ ಮಸೂರದ ಬೆನ್ನಿನಲ್ಲಿರುವ ಒಂದು ಪುಟ್ಟ ಸನ್ನೆಯ ಚಲನೆಯಿಂದ ಗೊತ್ತುಪಡಿಸಿದಷ್ಟಕ್ಕೆ ಕುಗ್ಗಿ, ಕೆಲಸ ಮುಗಿದೊಡನೆ ಮತ್ತೆ ಅರಳುವ ವ್ಯವಸ್ಥೆಯನ್ನು ಮಾಡಿದರು. ಮಸೂರದ ಮೂಲಕ ಒಳಬಂದ ಬೆಳಕನ್ನೇ ಅಳೆದರೆ ಫಿಲ್ಮಿಗೆ ಎಷ್ಟು ಬೆಳಕು ಬೇಕೆಂಬುದೂ ತಿಳಿಯುವುದೆಂದು 1963ರಲ್ಲಿ ಟಾಪ್ಕಾನ್, 1964ರಲ್ಲಿ ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್ ತೋರಿಸಿದವು. ಕೆ1000 ಕ್ಯಾಮೆರಾದಲ್ಲಿ ಕಿಂಡಿಯ ಬಲಅಂಚಿನ ಒಂದು ಮುಳ್ಳು ಬೆಳಕು ಹೆಚ್ಚಾದರೆ ಮೇಲಕ್ಕೂ ಕಡಿಮೆಯಾದರೆ ಕೆಳಕ್ಕೂ ವಾಲುತ್ತದೆ. ಅಪರ್ಚರನ್ನೋ ಷಟರ್ ಗಾಲಿಯನ್ನೋ ತಿರುಗಿಸಿ ಅದನ್ನು ನಡುವೆ ನಿಲ್ಲಿಸಿದರೆ ಲೆಕ್ಕ ಸರಿಹೋಯಿತು.

ಕನ್ನಡಿ ಏರಿಳಿಯಲು ಬೇಕಾದ ಅವಕಾಶವೂ ಪುಕ್ಕಟೆಯಲ್ಲ. ಪೆಂಟ್ಯಾಕ್ಸ್ ಕ್ಯಾಮೆರಾದಲ್ಲಿ ಮಸೂರ ಕೂರುವ ಅಂಚಿಗೂ ಫಿಲ್ಮಿಗೂ ಸುಮಾರು 45 ಮಿ.ಮೀ. ಅಂತರವಿದೆ, ವಿಶಾಲ ನೋಟದ 28 ಮಿ.ಮೀ. ಮಸೂರವಾದರೋ ಸಹಜವಾಗಿ ಫಿಲ್ಮಿಗೆ ಅದಕ್ಕಿಂತ ಹತ್ತಿರ ಕೂರಲು ಬಯಸುತ್ತದೆ, ಕೂತರೆ ಕನ್ನಡಿ ಬಡಿಯುತ್ತದೆ. ಫ್ರಾನ್ಸಿನ ಆಂಜೆನ್ಯೂ ಸಂಸ್ಥೆಯು 1950ರಲ್ಲಿ, ಮುಂಭಾಗದಲ್ಲಿ ಕಿರಣಗಳನ್ನು ಚದುರಿಸುವ ಗಾಜುಗಳನ್ನಿಟ್ಟು, ದೂರದಲ್ಲಿ ನಿಂತೇ ಬಿಂಬವನ್ನು ಹಾಯಿಸಬಲ್ಲ ರೆಟ್ರೋಫೋಕಸ್ ಮಸೂರವನ್ನು ಹೊರತಂದು ಈ ಸಮಸ್ಯೆಯನ್ನೂ ಬಿಡಿಸಿತು. ಎಸ್‌ಎಲ್‌ಆರ್ ಕ್ಯಾಮೆರಾದ ವಿಶಾಲ ಮಸೂರಗಳು ದಪ್ಪವಾಗಿಯೂ ಭಾರವಾಗಿಯೂ ಇರುವುದು ಇದರಿಂದಲೇ.

ಇಷ್ಟೆಲ್ಲ ಚಲನೆಗೆ ಬೇಕಾದ ಶಕ್ತಿ ಕೆ1000ನಂಥ ಕ್ಯಾಮೆರಾದಲ್ಲಿ ಬರುವುದು ಹೆಬ್ಬೆರಳಿನಿಂದ. ಹಿಡಿಯನ್ನು ಒಮ್ಮೆ ಎಳೆದರೆ ಫಿಲ್ಮು ಎಂಟು ತೂತುಗಳಷ್ಟು ಮುಂದಕ್ಕೆ ಸರಿಯುತ್ತದೆ, ಪರದೆಗಳ ಸ್ಪ್ರಿಂಗು ಬಿಗಿಯುತ್ತದೆ, ಕನ್ನಡಿ ನೆಗೆತಕ್ಕೆ ಸಿದ್ಧವಾಗುತ್ತದೆ, ಎಣಿಕೆಯ ಮುಳ್ಳು ಒಂದು ಮನೆ ಮುಂದುವರಿಯುತ್ತದೆ. ಬ್ಯಾಟರಿಯ ಹಂಗು ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಫಿಲ್ಮು ತಾನು ಕಂಡದ್ದನ್ನು ತೊಳೆಯುವವರೆಗೆ ಹೇಳಲಾರದಾದುದರಿಂದಲೇ ಮಸೂರವನ್ನು ಕಣ್ಣಿಗೆ ಎರವಲು ಕೊಡಬೇಕಾಗಿತ್ತು. ಡಿಜಿಟಲ್ ಸಂವೇದಕವಾದರೋ ಕಂಡದ್ದನ್ನು ಕಂಡ ಹಾಗೆಯೇ ತೆರೆಯ ಮೇಲೆ ತೋರಿಸುತ್ತದೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೂ ಪಟ್ಟಕವೂ ಇಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದರೂ ಮನೆಯ ಬೀರುವಿನಲ್ಲಿ ಇಂಥ ಹಳೆಯ ಕ್ಯಾಮೆರಾ ಉಳಿದಿರುವವರು ಅದನ್ನು ಸತ್ತದ್ದೆಂದು ಬಗೆಯಬೇಕಾಗಿಲ್ಲ. ಕನ್ನಡಿ ಬಡಿಯುವೆಡೆಯ ಸ್ಪಂಜಿನ ಪಟ್ಟಿ ಕರಗಿ ಅಂಟಾಗಿದ್ದರೆ ಕೆರೆದು ಹೊಸದನ್ನು ಹಾಕಿಸಬೇಕು. ಪರದೆಯ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತೂ ಇಲ್ಲವೆಂಬುದನ್ನು ದೀಪಕ್ಕೆ ಹಿಡಿದು ಖಚಿತಪಡಿಸಿಕೊಳ್ಳಬೇಕು. ಒಂದು ಸೆಕೆಂಡಿಗೆ ಇಟ್ಟಾಗ ಷಟರ್ ನಡುವೆ ಸಿಕ್ಕಿಕೊಳ್ಳದೆ ಮುಚ್ಚುತ್ತದೆಯೇ ಎಂದು ನೋಡಬೇಕು. ಈ ಮೂರೂ ಸರಿಯಿದ್ದಲ್ಲಿ ರೋಲು ಹಾಕಲು ಅಡ್ಡಿಯಿಲ್ಲ. ಬ್ಯಾಟರಿ ಸಿಕ್ಕದಿದ್ದರೆ ಬೆಳಕನ್ನು ಅಂದಾಜಿನಿಂದ ತೂಗಿದರಾಯಿತು.