ಬಿರುಕು, ಒಡಕು, ತ್ರುಟಿ

ಕೈಜಾರಿ ಬಿದ್ದ ಮಡಕೆ ಒಡೆಯುತ್ತದೆ. ಮಿತಿಮೀರಿ ಬಗ್ಗಿಸಿದ ಕೋಲು ಮುರಿಯುತ್ತದೆ. ಬಾವಿಯ ರಾಟೆಗೆ ಉಜ್ಜಿ ಸವೆದ ಹಗ್ಗ ಹರಿಯುತ್ತದೆ. ಈ ಮೂರು ಸಂದರ್ಭಗಳಿಗೂ ಇಂಗ್ಲಿಷಿನಲ್ಲಿ ‘ಬ್ರೇಕ್’ ಎಂಬ ಒಂದೇ ಕ್ರಿಯಾಪದ ಸಾಲುತ್ತದೆ. ಕನ್ನಡದಲ್ಲಿ ಸಾಲದು. ‘ಮಡಕೆ ಹರಿಯಿತು’ ಎಂದಾಗಲಿ, ‘ಹಗ್ಗ ಒಡೆಯಿತು’ ಎಂದಾಗಲಿ ಹೇಳಿದರೆ ಸಣ್ಣ ಮಕ್ಕಳೂ ನಗುತ್ತಾರೆ. ಯಾವ ವಸ್ತು, ಯಾವ ರೀತಿಯಲ್ಲಿ ಕೆಟ್ಟಿತು ಎಂಬುದನ್ನು ನೋಡಿದ ಮೇಲೆಯೇ ಕನ್ನಡಿಗನ ನಾಲಗೆ ತಕ್ಕ ಪದವನ್ನು ಆರಿಸುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರಿಗೆ ಇಂತಹ ಆಯ್ಕೆ ದಿನನಿತ್ಯದ ಕೆಲಸ. ಇಲ್ಲಿನ ಅನೇಕ ಮನೆಗಳಲ್ಲಿ ತುಳು, ಕೆಲವು ಮನೆಗಳಲ್ಲಿ ಕೊಂಕಣಿ, ಇನ್ನು ಕೆಲವು ಮನೆಗಳಲ್ಲಿ ಬ್ಯಾರಿ ಭಾಷೆ. ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಕನ್ನಡ. ಮೇಲಿನ ತರಗತಿಗಳಲ್ಲಿ ಇಂಗ್ಲಿಷ್. ಮನೆಯ ಹೊಸ್ತಿಲು ದಾಟುವಾಗ ಹುಡುಗನೊಬ್ಬ ತನಗೆ ತಿಳಿಯದೆಯೇ ಭಾಷಾಂತರಕಾರನಾಗುತ್ತಾನೆ. ಆದುದರಿಂದಲೇ ಒಂದು ಭಾಷೆಯ ಪದ ಮತ್ತೊಂದು ಭಾಷೆಯ ಪದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬ ಪ್ರಶ್ನೆ ಈ ನೆಲದಲ್ಲಿ ಹಳೆಯದು.

ಆ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ನಿಘಂಟುಗಳು ಸಮೀಪದ ಮಂಗಳೂರಿನಲ್ಲಿಯೇ ಅಚ್ಚಾದವು. ಬಾಸೆಲ್ ಮಿಷನ್ನಿನ ಎ. ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಹೊರಬಂದಿತು. ಎಂಟು ವರ್ಷಗಳ ಬಳಿಕ, 1894ರಲ್ಲಿ, ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಕಿಟ್ಟೆಲ್, ದಶಕಗಳ ಕಾಲ ಶ್ರಮಿಸಿ, ಸುಮಾರು 70,000 ಪದಗಳನ್ನು ಅದರಲ್ಲಿ ಕೂಡಿಸಿದರು. ಪದಕ್ಕೆ ಪದವನ್ನು ಎದುರಿಟ್ಟು ಅವರು ಸುಮ್ಮನಾಗಲಿಲ್ಲ. ಕಾವ್ಯಗಳ ಪ್ರಯೋಗಗಳನ್ನೂ ಜನರ ಬಾಯಲ್ಲಿದ್ದ ಗಾದೆಗಳನ್ನೂ ಜೊತೆಗೆ ಕೊಟ್ಟರು. ಪದವು ಬದುಕಿರುವುದು ಬಳಕೆಯಲ್ಲಿ ಎಂಬುದನ್ನು ಅವರು ಅರಿತಿದ್ದರು.

ಕನ್ನಡದ ಈ ಪದಗಳ ಕುಟುಂಬವನ್ನು ಪರಿಶೀಲಿಸುವುದು ಸ್ವಾರಸ್ಯಕರವಾಗಿದೆ. ‘ಒಡೆ’ ಎಂಬ ಧಾತುವಿನಿಂದ ಒಡಕು, ‘ಮುರಿ’ಯಿಂದ ಮುರುಕು, ‘ಹರಿ’ಯಿಂದ ಹರಕು, ‘ಬಿರಿ’ಯಿಂದ ಬಿರುಕು, ‘ಕೆಡು’ವಿನಿಂದ ಕೆಡುಕು ಹುಟ್ಟಿವೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಅರ್ಥ ಮಾತ್ರ ಬೇರೆ ಬೇರೆ. ಗಟ್ಟಿಯಾಗಿಯೂ ಪೆಡಸಾಗಿಯೂ ಇರುವುದು ಚೂರಾದರೆ ಒಡೆಯುವುದು. ಮಡಕೆ, ಗಾಜು, ತೆಂಗಿನಕಾಯಿ ಇದಕ್ಕೆ ನಿದರ್ಶನ. ಉದ್ದವಾದುದು ಅಡ್ಡಲಾಗಿ ತುಂಡಾದರೆ ಮುರಿಯುವುದು. ಕೋಲು, ಕೊಂಬೆ, ಮೂಳೆ ಈ ಗುಂಪಿನವು. ಎಳೆಗಳಿಂದಾದುದು ಬೇರ್ಪಟ್ಟರೆ ಹರಿಯುವುದು. ಬಟ್ಟೆ, ಹಗ್ಗ, ಕಾಗದ ಹೀಗೆ ಕೆಡುತ್ತವೆ. ಉದ್ದಕ್ಕೆ ಇಬ್ಭಾಗವಾದರೆ ಅದು ಸೀಳು. ಒಳಗಿನ ಒತ್ತಡದಿಂದಾಗಲಿ, ಒಣಗುವಿಕೆಯಿಂದಾಗಲಿ ತಾನಾಗಿಯೇ ಬಾಯ್ತೆರೆದರೆ ಅದು ಬಿರಿಯುವುದು. ಬೇಸಗೆಯ ಗದ್ದೆ ಬಿರಿಯುತ್ತದೆ. ಮಲ್ಲಿಗೆಯ ಮೊಗ್ಗೂ ಬಿರಿಯುತ್ತದೆ. ಒಂದು ಬರದ ಗುರುತು, ಇನ್ನೊಂದು ಚೆಲುವಿನ ಗುರುತು. ಆದರೂ ಕ್ರಿಯೆ ಒಂದೇ ಎಂಬುದನ್ನು ಭಾಷೆ ಗಮನಿಸಿದೆ.

ಹೀಗೆ ವಿಂಗಡಿಸುವುದು ಕನ್ನಡಕ್ಕೆ ಮಾತ್ರ ಮೀಸಲಾದ ಗುಣವಲ್ಲ. ಮಧ್ಯ ಯುರೋಪಿನ ಹಂಗೇರಿಯ ಭಾಷೆಯನ್ನು ನೋಡಬಹುದು. ಅಲ್ಲಿ ಮುರಿತಕ್ಕೆ ‘ತೊರೇಶ್’, ಹಗ್ಗ ಬಟ್ಟೆಗಳ ಹರಿತಕ್ಕೆ ‘ಸಕದಾಶ್’, ಬಿರುಕಿಗೆ ‘ರೆಪೆದೇಶ್’ ಎಂಬ ಬೇರೆ ಬೇರೆ ಪದಗಳಿವೆ. ಆದರೆ ಗಾಜಿಗೂ ಮೂಳೆಗೂ ಅವರು ‘ತೊರೇಶ್’ ಎಂಬುದನ್ನೇ ಬಳಸುತ್ತಾರೆ. ಕನ್ನಡಿಗನಿಗಾದರೋ ಗಾಜು ಒಡೆಯಬೇಕು, ಮೂಳೆ ಮುರಿಯಬೇಕು. ಪ್ರತಿಯೊಂದು ಭಾಷೆಯೂ ಲೋಕವನ್ನು ತನ್ನದೇ ಗೆರೆಗಳಿಂದ ಭಾಗಮಾಡಿಕೊಳ್ಳುತ್ತದೆ. ಒಬ್ಬರ ಗೆರೆ ಇನ್ನೊಬ್ಬರ ಗೆರೆಯ ಮೇಲೆ ಕೂರುವುದಿಲ್ಲ.

ವಸ್ತುವಿನ ಒಡಕಿನಿಂದ ಗುಣದ ಕೊರತೆಗೆ ಬಂದಾಗ ಆಯ್ಕೆ ಇನ್ನೂ ಸೂಕ್ಷ್ಮವಾಗುತ್ತದೆ. ಇಂಗ್ಲಿಷಿನ ‘ಫ್ಲಾ’ ಎಂಬುದಕ್ಕೆ ಸಮನಾದ ಪದ ಯಾವುದು? ಇರಬೇಕಾದಷ್ಟು ಇಲ್ಲದಿದ್ದರೆ ಅದು ಕುಂದು, ಕೊರತೆ, ಊನ. ಇರಬೇಕಾದುದು ಬಿಟ್ಟುಹೋಗಿದ್ದರೆ ಲೋಪ. ಇರಬಾರದುದು ಅಂಟಿಕೊಂಡಿದ್ದರೆ ಕಳಂಕ. ಹೊರಗೆ ಚೆನ್ನಾಗಿ ಕಂಡು ಒಳಗೆ ಹುಳು ತಿಂದಂತಿದ್ದರೆ ಹುಳುಕು. ಅರಬ್ಬಿಯಿಂದ ಬಂದ ‘ಐಬು’ ಎಂಬುದೂ ಈ ಸಾಲಿನಲ್ಲಿ ಸೇರಿಕೊಂಡು ಕನ್ನಡದ್ದೇ ಆಗಿಬಿಟ್ಟಿದೆ. ಸಂಸ್ಕೃತದ ‘ತ್ರುಟಿ’, ‘ಭಂಗ’ಗಳಿಗೆ ಮೂಲದಲ್ಲಿ ಮುರಿಯುವುದೆಂಬ ಅರ್ಥವೇ ಇದೆ. ಭೂಗರ್ಭದ ಪದರಗಳು ಬಿರಿದು ಸರಿದರೆ ಭೂವಿಜ್ಞಾನದಲ್ಲಿ ಅದು ಸ್ತರಭಂಗ. ಕೊಟ್ಟ ಮಾತಿಗೆ ತಪ್ಪಿದರೆ ವಚನಭಂಗ. ಕಣ್ಣಿಗೆ ಕಾಣುವ ಬಿರುಕೇ ಕಾಣದ ದೋಷಕ್ಕೆ ಹೆಸರು ಕೊಟ್ಟಿದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯೂ ಈ ಹೋಲಿಕೆಯ ಮೇಲೆಯೇ ನಿಂತಿದೆ.

ಇದು ಕೇವಲ ಪಂಡಿತರ ವಿನೋದವೆಂದು ಭಾವಿಸಬಾರದು. ಸೇತುವೆಯೊಂದನ್ನು ಪರೀಕ್ಷಿಸಿ ಬರೆದ ವರದಿಯಲ್ಲಿ ‘ಬಿರುಕು’ ಎಂದಿದ್ದರೆ ದುರಸ್ತಿಯ ವಿಚಾರ. ‘ಮುರಿತ’ ಎಂದಿದ್ದರೆ ಒಡನೆಯೇ ಸಂಚಾರವನ್ನು ನಿಲ್ಲಿಸಬೇಕಾದ ವಿಚಾರ. ಕಾನೂನಿನ ಬರೆಹದಲ್ಲಿ ‘ಲೋಪ’ವಿದ್ದ ಕಡೆ ‘ಅಪರಾಧ’ವೆಂದು ಬರೆದರೆ ನಿರಪರಾಧಿಗೆ ಅನ್ಯಾಯವಾದೀತು. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠಾಪಿತವಾದ, ಸುಮಾರು 35 ಅಡಿ ಎತ್ತರದ ಬಾಹುಬಲಿಯ ಏಕಶಿಲಾಮೂರ್ತಿ ಇಂದಿಗೂ ನಿಂತಿದೆ. ಅಂತಹ ಕಾರ್ಯಕ್ಕೆ ಕೈಹಾಕುವ ಶಿಲ್ಪಿ ಮೊದಲು ಬಂಡೆಯ ಬಿರುಕನ್ನು ಗುರುತಿಸಬೇಕು. ಶಿಲ್ಪಿಗೆ ಬಂಡೆ ಹೇಗೋ ಭಾಷಾಂತರಕಾರನಿಗೆ ಪದ ಹಾಗೆ.

ಎಲ್ಲಕ್ಕಿಂತ ಅಪಾಯಕರವಾದುದು ಕಣ್ಣಿಗೆ ಬೀಳದ ಕೊರತೆ. ಇದಕ್ಕೆ ಮೂಡುಬಿದಿರೆಯಲ್ಲಿಯೇ ಒಂದು ನಿದರ್ಶನವುಂಟು. ‘ಷಟ್ಖಂಡಾಗಮ’ವೆಂಬ ಪ್ರಾಚೀನ ಜೈನ ಗ್ರಂಥ ಮತ್ತು ಅದಕ್ಕೆ ವೀರಸೇನಾಚಾರ್ಯರು ಬರೆದ ‘ಧವಲಾ’ ಟೀಕೆ ಶತಮಾನಗಳ ಕಾಲ ಇಲ್ಲಿನ ಬಸದಿಯ ತಾಳೆಯೋಲೆಗಳಲ್ಲಿ ಉಳಿದಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ಓಲೆಯಿಂದ ಕಾಗದಕ್ಕೆ ಪ್ರತಿಮಾಡಿ, ಆ ಪ್ರತಿಗಳನ್ನು ಆಧರಿಸಿ ಪಂಡಿತ ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಅದರ 93ನೆಯ ಸೂತ್ರದಲ್ಲಿ ಅರ್ಥದ ಕೊಂಡಿ ಸರಿಯಾಗಿ ಕೂಡಲಿಲ್ಲ. ‘ಸಂಜದ’, ಅಂದರೆ ಸಂಯತ, ಎಂಬ ಪದವೊಂದು ಅಲ್ಲಿ ಬಿಟ್ಟುಹೋಗಿರಬೇಕೆಂದು ಸಂಪಾದಕರು ಶಂಕಿಸಿದರು. ಆದರೆ ತಮ್ಮ ಊಹೆಯನ್ನು ಮೂಲದೊಳಕ್ಕೆ ತುರುಕಲಿಲ್ಲ, ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡುಬಿದಿರೆಯ ತಾಳೆಯೋಲೆಯೊಡನೆ ಹೋಲಿಸಿ ನೋಡಿದಾಗ ಆ ಪದ ಅಲ್ಲಿತ್ತು!

ಆ ಒಂದು ಪದದ ಇರವು ಇಲ್ಲದಿರುವಿಕೆಗಳಿಂದ ಸೂತ್ರದ ತಾತ್ಪರ್ಯವೇ ಬದಲಾಗುವುದರಿಂದ ವಿದ್ವಾಂಸರಲ್ಲಿ ಬಹುಕಾಲ ಚರ್ಚೆ ನಡೆಯಿತು. ಓಲೆಯ ಅಂಚು ಮುರಿದಿದ್ದರೆ ಓದುವವನು ಎಚ್ಚರಗೊಳ್ಳುತ್ತಾನೆ. ಸಂಪಾದಕನು ಆ ಜಾಗದಲ್ಲಿ ಚುಕ್ಕಿಗಳನ್ನಿಟ್ಟು ‘ತ್ರುಟಿತ’ವೆಂದು ಗುರುತಿಸುತ್ತಾನೆ. ಆದರೆ ನಯವಾದ ಕಾಗದದ ಮೇಲೆ, ಅಂದವಾದ ಅಕ್ಷರಗಳ ನಡುವೆ ಪದವೊಂದು ಜಾರಿಹೋದರೆ ಯಾವ ಬಿರುಕೂ ಕಾಣಿಸದು. ಮುರಿದ ಓಲೆ ತನ್ನ ಕೊರತೆಯನ್ನು ತಾನೇ ಒಪ್ಪಿಕೊಳ್ಳುತ್ತದೆ. ತಪ್ಪಾದ ಪ್ರತಿ ಒಪ್ಪಿಕೊಳ್ಳುವುದಿಲ್ಲ.

ಭಾಷಾಂತರದ ಮಾತೂ ಇದೇ. ಸರಿಯಾದ ಪದ ತೋಚದಿದ್ದಾಗ ಹತ್ತಿರದ ಪದವನ್ನು ಸುಮ್ಮನೆ ತುಂಬಿಬಿಡುವುದು ಸುಲಭ. ವಾಕ್ಯ ನುಣ್ಣಗೆ ಕಾಣುತ್ತದೆ, ಅರ್ಥ ಮಾತ್ರ ಒಳಗೆ ಒಡೆದಿರುತ್ತದೆ. ನಿಘಂಟು ನಾಲ್ಕು ಪದಗಳನ್ನು ಮುಂದಿಡಬಹುದು. ಅವುಗಳಲ್ಲಿ ಒಂದನ್ನು ಆರಿಸುವ ಮುನ್ನ ಪುಸ್ತಕದಿಂದ ಕಣ್ಣೆತ್ತಿ ವಸ್ತುವನ್ನು ನೋಡಬೇಕು: ಒಡೆದದ್ದೇ, ಮುರಿದದ್ದೇ, ಹರಿದದ್ದೇ, ಇಲ್ಲವೆ ಬಿರಿದದ್ದೇ? ನೋಡಿ ಆಡಿದ ಮಾತಿಗೆ ಬಿರುಕಿಲ್ಲ.