ಮತವಿಲ್ಲದವರ ಪರವಾಗಿ ಮತ ಕೇಳುವವರು



ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಎಂದೊಡನೆ ನಿಮಗೆ ನೆನಪಾಗುವುದು ಭದ್ರಾ ಅಣೆಕಟ್ಟು. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿದವರು ನಿಮ್ಮಲ್ಲಿ ಹಲವರಿರಬಹುದು. ನೀರಿನ ಮಟ್ಟ 186 ಅಡಿ ಮುಟ್ಟಿತೆಂದರೆ ಜಲಾಶಯ ತುಂಬಿತೆಂದು ಲೆಕ್ಕ. ಆಗ ಅದರಲ್ಲಿ ಸುಮಾರು 71.5 ಟಿಎಂಸಿ ನೀರು ನಿಂತಿರುತ್ತದೆ. ನಾಲೆಗಳ ಮೂಲಕ ಈ ನೀರು ದಾವಣಗೆರೆಯ ಗದ್ದೆಗಳವರೆಗೂ ಹೋಗುತ್ತದೆ.

ಈ ಜಲಾಶಯದ ಹಿಂದೆ ಹಬ್ಬಿರುವ ಕಾಡು ಭದ್ರಾ ಅಭಯಾರಣ್ಯ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಾಳಿದ್ದ 400ಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಹೊರಬಂದವು. ಹೆಚ್ಚಿನವರು ಲಕ್ಕವಳ್ಳಿ ಕಡೆಯ ಎಂ.ಸಿ. ಹಳ್ಳಿಯಲ್ಲಿ ಹೊಸದಾಗಿ ಮನೆ ಹೂಡಿದರು. ದೇಶದ ಪುನರ್ವಸತಿ ಪ್ರಯತ್ನಗಳಲ್ಲಿ ಇದು ಬಹಳ ಚರ್ಚೆಗೆ ಬಂದ ಒಂದು ಉದಾಹರಣೆ.

ಒಂದು ಊರನ್ನು ಎಬ್ಬಿಸಿ ಇನ್ನೊಂದೆಡೆ ನೆಲೆಗೊಳಿಸುವಾಗ ಅನೇಕರ ಕೆಲಸ ಬೇಕು. ಎಂಜಿನಿಯರ್ ರಸ್ತೆ, ಮನೆಗಳ ನಕ್ಷೆ ಹಾಕುತ್ತಾರೆ. ಕಂದಾಯ ಇಲಾಖೆಯವರು ಜಮೀನು ಅಳೆದು ಪಹಣಿ ಬರೆಯುತ್ತಾರೆ. ಅರಣ್ಯ ಇಲಾಖೆಯವರು ಕಾಡನ್ನು ಕಾಯುತ್ತಾರೆ. ಆದರೆ ಪಹಣಿಯಲ್ಲಿ ಹೆಸರೇ ಇಲ್ಲದ ಕೂಲಿಕಾರರಿಗೆ ಏನು ಸಿಗಬೇಕು? ಒಬ್ಬಂಟಿ ವಿಧವೆಯನ್ನು ಒಂದು ಕುಟುಂಬವೆಂದು ಎಣಿಸಬೇಕೇ? ಶಾಲೆ ಬದಲಾದ ಮಗು ಓದು ಬಿಡದಂತೆ ನೋಡುವವರು ಯಾರು? ಇವನ್ನೆಲ್ಲ ಮನೆಮನೆಗೆ ಹೋಗಿ ಕೇಳಿ, ಬರೆದು, ಸರಿಯಾದ ಕಡೆಗೆ ಮುಟ್ಟಿಸುವುದನ್ನು ಕಲಿತವರೇ ವೃತ್ತಿಪರ ಸಮಾಜಕಾರ್ಯಕರ್ತರು.

ವಕೀಲರಿಗೆ, ವೈದ್ಯರಿಗೆ ಇರುವಂತೆ ಇವರಿಗೂ ಸಂಘಗಳಿವೆ. ಸಂಘವೆಂದ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಬೇಕು. ಆ ಸ್ಥಾನಗಳಿಗೆ ಅಭ್ಯರ್ಥಿಗಳು ನಿಲ್ಲುತ್ತಾರೆ, ಮತ ಕೇಳುತ್ತಾರೆ. ಈ ಚುನಾವಣೆ ಬೇರೆ ಸಂಘಗಳ ಚುನಾವಣೆಯಂತೆ ಕಂಡರೂ ಅದರಲ್ಲಿ ಒಂದು ವಿಶೇಷ ತೊಡಕಿದೆ. ಅದನ್ನು ಅರ್ಥ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಸೇವೆ ಬೇರೆ, ವೃತ್ತಿ ಬೇರೆ

ಊರಿನಲ್ಲಿ ಅನ್ನದಾನ ಮಾಡುವವರನ್ನು, ರಕ್ತದಾನ ಶಿಬಿರ ನಡೆಸುವವರನ್ನು ನಾವು ಸಮಾಜಸೇವಕರು ಎನ್ನುತ್ತೇವೆ. ಅದು ಒಳ್ಳೆಯ ಮನಸ್ಸಿನ ಕೆಲಸ. ಸಮಾಜಕಾರ್ಯ ಹಾಗಲ್ಲ. ಅದಕ್ಕೆ ಓದು, ತರಬೇತಿ, ಕ್ಷೇತ್ರಕಾರ್ಯ ಮತ್ತು ನೀತಿಸಂಹಿತೆ ಇವೆ. ಬಡತನವನ್ನು ಕಂಡು ಮರುಗುವುದಷ್ಟೇ ಅದರ ಕೆಲಸವಲ್ಲ. ಬಡತನದ ಕಾರಣ ಹುಡುಕಿ, ಆ ವ್ಯಕ್ತಿ ತನ್ನ ಕಾಲ ಮೇಲೆ ನಿಲ್ಲಲು ನೆರವಾಗುವುದು ಅದರ ಗುರಿ.

ಇದು ನಿಜಕ್ಕೂ ವೃತ್ತಿಯೇ ಎಂಬ ಪ್ರಶ್ನೆ ಹಳೆಯದು. 1915ರಲ್ಲಿ ಅಮೆರಿಕದ ಶಿಕ್ಷಣತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಬಾಲ್ಟಿಮೋರ್ ನಗರದ ಸಮ್ಮೇಳನವೊಂದರಲ್ಲಿ ಇದೇ ಪ್ರಶ್ನೆಯನ್ನು ಎತ್ತಿದರು. ಇನ್ನೂ ಪೂರ್ಣ ಅರ್ಥದಲ್ಲಿ ವೃತ್ತಿಯಾಗಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಆಮೇಲೆ ಸಮಾಜಕಾರ್ಯಕರ್ತರು ಶಾಲೆಗಳನ್ನು ಕಟ್ಟಿದರು, ಸಂಘಗಳನ್ನು ಕಟ್ಟಿದರು. ಭಾರತದಲ್ಲಿ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಹುಟ್ಟಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯನವರು ಹಳ್ಳಿಯೊಂದರ ವೃದ್ಧರ ಬದುಕನ್ನು ಅಧ್ಯಯನ ಮಾಡಿ ಬರೆದ ಗ್ರಂಥ 1969ರಲ್ಲಿ ಪ್ರಕಟವಾಯಿತು. ಲಕ್ಕವಳ್ಳಿಗೆ ಹತ್ತಿರದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲೂ ಇಂದು ಸಮಾಜಕಾರ್ಯದ ಸ್ನಾತಕೋತ್ತರ ಶಿಕ್ಷಣವಿದೆ.

ಸಂಘಕ್ಕೆ ಇಷ್ಟು ಮಹತ್ವ ಏಕೆ?

ನಮ್ಮ ದೇಶದಲ್ಲಿ ವಕೀಲರಾಗಬೇಕಾದರೆ 1961ರ ವಕೀಲರ ಕಾಯ್ದೆಯ ಪ್ರಕಾರ ಹೆಸರು ನೋಂದಾಯಿಸಬೇಕು. ತಪ್ಪು ಮಾಡಿದ ವಕೀಲರ ಮೇಲೆ ವಕೀಲರ ಪರಿಷತ್ತು ಕ್ರಮ ಕೈಗೊಳ್ಳಬಲ್ಲದು. ವೈದ್ಯರಿಗೂ ಅಂಥ ಕಾನೂನಿದೆ. ಸಮಾಜಕಾರ್ಯಕರ್ತರೆಲ್ಲರಿಗೂ ಅನ್ವಯಿಸುವಂಥ ಪ್ರತ್ಯೇಕ ಪರಿಷತ್ತು ಮಾತ್ರ ಭಾರತದಲ್ಲಿಲ್ಲ. 2021ರ ಆರೋಗ್ಯ ಸಂಬಂಧಿತ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಸ್ಥಾನ ಸಿಕ್ಕಿದೆ. ಉಳಿದವರ ಪಾಲಿಗೆ ನೀತಿ, ಶಿಸ್ತು, ಗೌರವ ಇವನ್ನೆಲ್ಲ ಕಾಯುವ ಹೊಣೆ ಬಹುಮಟ್ಟಿಗೆ ಅವರ ಸಂಘಗಳ ಮೇಲೇ ಬೀಳುತ್ತದೆ.

ಕಾನೂನಿನ ಬಲವಿರುವ ಪರಿಷತ್ತಿನಲ್ಲಿ ಅಧ್ಯಕ್ಷರು ದುರ್ಬಲರಾಗಿದ್ದರೂ ಕಾನೂನು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಬರಿಯ ಸಂಘದಲ್ಲಿ ಹಾಗಾಗದು. ಅಲ್ಲಿ ನಾಯಕರು ಹೇಗೋ ಸಂಘವೂ ಹಾಗೆ. ಆದ್ದರಿಂದಲೇ ಅಭ್ಯರ್ಥಿ ಯಾರು ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ.

ಹೊರದೇಶಗಳಲ್ಲೂ ಈ ವೃತ್ತಿ ಸಂಘಗಳ ಮೂಲಕವೇ ಬೆಳೆಯಿತು. ಅಮೆರಿಕದಲ್ಲಿ 1955ರಲ್ಲಿ ಏಳು ಬೇರೆಬೇರೆ ಸಂಘಗಳು ಸೇರಿ ಒಂದೇ ರಾಷ್ಟ್ರೀಯ ಸಂಘವಾಯಿತು. ಅದು 1960ರಲ್ಲಿ ತನ್ನ ಮೊದಲ ನೀತಿಸಂಹಿತೆಯನ್ನು ಒಪ್ಪಿಕೊಂಡಿತು. 1956ರಲ್ಲಿ ಸಮಾಜಕಾರ್ಯಕರ್ತರ ಅಂತರರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಅದರ ಅಧ್ಯಕ್ಷ ಸ್ಥಾನಕ್ಕೆ 2014ರಲ್ಲಿ ಸ್ಕಾಟ್ಲೆಂಡಿನ ರೂತ್ ಸ್ಟಾರ್ಕ್, 2018ರಲ್ಲಿ ಅರ್ಜೆಂಟೀನಾದ ಸಿಲ್ವಾನಾ ಮಾರ್ಟಿನೆಜ್, 2022ರಲ್ಲಿ ಜಾಂಬಿಯಾದ ಜೋಕಿಮ್ ಮುಂಬಾ ಬಂದರು. ಭಾರತದಲ್ಲಿ ವೃತ್ತಿಪರ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘವೊಂದು 2005ರಲ್ಲಿ ಹುಟ್ಟಿಕೊಂಡಿತು.

ಚುನಾವಣೆ ನಡೆಯುವ ಬಗೆ

ಕರ್ನಾಟಕದಲ್ಲಿ ಇಂಥ ಸಂಘವನ್ನು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸುತ್ತಾರೆ. ಕನಿಷ್ಠ ಏಳು ಜನ ಸೇರಿದರೆ ಸಂಘವಾಗುತ್ತದೆ. ಸಂಘದ ಬೈಲಾದಲ್ಲಿ ಯಾರು ಸದಸ್ಯರು, ಯಾರಿಗೆ ಮತ, ಅಧಿಕಾರದ ಅವಧಿ ಎಷ್ಟು ಎಂಬುದೆಲ್ಲ ಬರೆದಿರುತ್ತದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಯಬೇಕು. ಲೆಕ್ಕಪತ್ರವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು.

ಚುನಾವಣೆ ಬಂದಾಗ ಮೊದಲು ಮತದಾರರ ಪಟ್ಟಿ ಸಿದ್ಧವಾಗುತ್ತದೆ. ಚಂದಾ ಬಾಕಿ ಇರುವವರಿಗೆ ಅನೇಕ ಸಂಘಗಳಲ್ಲಿ ಮತವಿರುವುದಿಲ್ಲ. ಆಮೇಲೆ ನಾಮಪತ್ರ, ಅದಕ್ಕೆ ಒಬ್ಬ ಸೂಚಕರು, ಒಬ್ಬ ಅನುಮೋದಕರು. ಬಳಿಕ ಪರಿಶೀಲನೆ, ವಾಪಸಾತಿ, ಕೊನೆಗೆ ಮತದಾನ. ಅನೇಕ ಕಡೆ ಹಿರಿಯರು ಒಟ್ಟಿಗೆ ಕೂತು ಮಾತನಾಡಿ 'ಅವಿರೋಧ ಆಯ್ಕೆ' ಮಾಡುವುದೂ ಉಂಟು. ಅದರಿಂದ ಜಗಳ ತಪ್ಪುತ್ತದೆ, ನಿಜ. ಆದರೆ ಅಭ್ಯರ್ಥಿ ಏನು ಮಾಡುತ್ತೇನೆಂದು ಹೇಳುವ ಪ್ರಮೇಯವೂ ತಪ್ಪಿಹೋಗುತ್ತದೆ.

ಅಮೆರಿಕದ ಸಂಘದಲ್ಲಿ ಬೇರೊಂದು ಕ್ರಮವಿದೆ. ಅಲ್ಲಿ ನಾಯಕತ್ವಕ್ಕೆ ಅರ್ಹರಾದವರನ್ನು ಹುಡುಕುವುದಕ್ಕೆಂದೇ ಒಂದು ಸಮಿತಿ ಇರುತ್ತದೆ. ತಾನಾಗಿ ಮುಂದೆ ಬಾರದವರನ್ನೂ ಅದು ಹುಡುಕಿ ಕರೆಯಬಹುದು. ಪ್ರತಿಯೊಬ್ಬ ಅಭ್ಯರ್ಥಿ ತನ್ನ ಅನುಭವ ಮತ್ತು ಉದ್ದೇಶಗಳನ್ನು ಬರೆದುಕೊಡುತ್ತಾರೆ. ಸದಸ್ಯರು ಅದನ್ನು ಓದಿ ಮತ ಹಾಕುತ್ತಾರೆ. ಬರೆದುಕೊಟ್ಟ ಮಾತಿಗೆ ಒಂದು ಲಾಭವಿದೆ: ಮೂರು ವರ್ಷ ಕಳೆದ ಮೇಲೆ ಅದನ್ನೇ ಎದುರಿಗಿಟ್ಟು ಕೇಳಬಹುದು.

ಒಂದು ಚಿಕ್ಕ ಲೆಕ್ಕ

ನೀವು ಗಣಿತ ಬಲ್ಲವರು. ಈ ಊಹೆಯ ಉದಾಹರಣೆಯನ್ನು ನೋಡಿ. ಒಂದು ಸಂಘದಲ್ಲಿ 300 ಸದಸ್ಯರು. ಮತ ಹಾಕಲು ಬಂದವರು 100. ಮೂವರು ಅಭ್ಯರ್ಥಿಗಳಿಗೆ ಕ್ರಮವಾಗಿ 40, 35, 25 ಮತ ಬಿದ್ದವು. 40 ಪಡೆದವರು ಗೆದ್ದರು. ಮತ ಹಾಕಿದವರಲ್ಲಿ 60 ಮಂದಿ ಅವರನ್ನು ಆರಿಸಿರಲಿಲ್ಲ. ಒಟ್ಟು ಸದಸ್ಯರ ಲೆಕ್ಕದಲ್ಲಿ ಅವರಿಗೆ ಸಿಕ್ಕಿದ್ದು ನೂರಕ್ಕೆ ಸುಮಾರು 13 ಮಾತ್ರ.

ಈಗ ಪ್ರತಿಯೊಬ್ಬರೂ ಎರಡನೆಯ ಆಯ್ಕೆಯನ್ನೂ ಬರೆದಿದ್ದರೆಂದು ಇಟ್ಟುಕೊಳ್ಳಿ. ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ 25 ಮತಗಳನ್ನು ಎರಡನೆಯ ಆಯ್ಕೆಯಂತೆ ಹಂಚಿದಾಗ 20 ಮತ ಎರಡನೆಯವರಿಗೆ, 5 ಮೊದಲನೆಯವರಿಗೆ ಹೋದವು. ಫಲಿತಾಂಶ 55ಕ್ಕೆ 45. ಗೆದ್ದವರೇ ಬದಲಾದರು! ರಾಜ್ಯ ವಕೀಲರ ಪರಿಷತ್ತುಗಳ ಸದಸ್ಯರನ್ನು ಆರಿಸುವಾಗ ಇಂಥ ವರ್ಗಾಯಿಸಬಹುದಾದ ಮತದ ಪದ್ಧತಿಯನ್ನೇ ಕಾನೂನು ವಿಧಿಸಿದೆ. ಜನರ ಮನಸ್ಸು ಅಷ್ಟೇ ಇದ್ದರೂ ಎಣಿಸುವ ಕ್ರಮ ಬದಲಾದರೆ ನಾಯಕರು ಬದಲಾಗಬಹುದು ಎಂಬುದನ್ನು ನೀವು ಮರೆಯಬಾರದು.

ತೊಡಕು ಇಲ್ಲಿದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಹಾಕುವವರಿಗೇ ಮತ. ನಾಯಕರು ಕೆಟ್ಟರೆ ನಷ್ಟವೂ ಅವರಿಗೇ. ಮುಂದಿನ ಬಾರಿ ಅವರೇ ಅವರನ್ನು ಇಳಿಸುತ್ತಾರೆ. ಸಮಾಜಕಾರ್ಯಕರ್ತರ ಸಂಘದಲ್ಲಿ ಮತ ಇರುವುದು ಸಮಾಜಕಾರ್ಯಕರ್ತರಿಗೆ. ಆದರೆ ಅವರ ಕೆಲಸ ಕೆಟ್ಟರೆ ನಷ್ಟ ಯಾರಿಗೆ? ಸ್ಥಳಾಂತರಗೊಂಡ ಕೂಲಿಕಾರರಿಗೆ, ಬಾಲಮಂದಿರದ ಮಗುವಿಗೆ, ಆಸ್ಪತ್ರೆಯ ಮಾನಸಿಕ ರೋಗಿಗೆ. ಅವರಾರಿಗೂ ಇಲ್ಲಿ ಮತವಿಲ್ಲ. ಆ ಚುನಾವಣೆ ನಡೆದದ್ದು ಕೂಡ ಅವರಿಗೆ ತಿಳಿದಿರುವುದಿಲ್ಲ.

ಸದಸ್ಯರ ಕಷ್ಟಗಳೂ ಸುಳ್ಳಲ್ಲ. ಗುತ್ತಿಗೆಯ ಮೇಲೆ ದುಡಿಯುವವರು ಅನೇಕರಿದ್ದಾರೆ, ಸಂಬಳ ತಡವಾಗುತ್ತದೆ, ಪ್ರವಾಸ ಭತ್ಯೆ ಸಾಲದು. ಇವಕ್ಕಾಗಿ ಹೋರಾಡುತ್ತೇನೆಂದು ಅಭ್ಯರ್ಥಿ ಹೇಳಿದರೆ ಅದು ನ್ಯಾಯವೇ. ದಣಿದ, ಹೆದರಿದ ಕಾರ್ಯಕರ್ತರಿಂದ ಮಗುವಿಗೂ ಒಳಿತಾಗದು.

ಆದರೆ ಎರಡೂ ಹಿತಗಳು ಡಿಕ್ಕಿ ಹೊಡೆಯುವ ಗಳಿಗೆಯೊಂದು ಬರುತ್ತದೆ. ರಕ್ಷಣೆಯಲ್ಲಿರುವ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಸದಸ್ಯರೊಬ್ಬರು ಆ ತಪ್ಪು ಮಾಡಿದರೆಂದು ಊಹಿಸಿ. ಅವರು ಚಂದಾ ಕೊಟ್ಟವರು, ಹತ್ತು ಮತ ತರಬಲ್ಲವರು. ಮಗುವಿನ ಕಡೆ ಒಂದು ಮತವೂ ಇಲ್ಲ. ಅಧ್ಯಕ್ಷರು ಯಾರ ಕಡೆ ನಿಲ್ಲಬೇಕು? ಸದಸ್ಯರನ್ನು ಮುಚ್ಚಿಟ್ಟು ಕಾಪಾಡಿದರೆ ಸಂಘವು ವೃತ್ತಿಯ ಸಂಘವಾಗಿ ಉಳಿಯದು. ಮತ್ತೆ ಯಾವ ತಾಯಿ ಸಮಾಜಕಾರ್ಯಕರ್ತರನ್ನು ನಂಬಿ ತನ್ನ ಮಗಳ ವಿಷಯ ಹೇಳಿಯಾಳು? ಆದ್ದರಿಂದ ಇಲ್ಲಿ ಅಭ್ಯರ್ಥಿಯಾಗುವವರು ಮತವಿರುವವರ ಮುಂದೆ ನಿಂತು ಮತವಿಲ್ಲದವರ ಪರವಾಗಿಯೂ ಮಾತನಾಡಬೇಕು.

ಇತಿಹಾಸದಲ್ಲಿ ಇದಕ್ಕೆ ಹೊಂದುವ ಒಂದು ಸಂಗತಿಯಿದೆ. ಶಿಕಾಗೋ ನಗರದ ವಲಸೆಗಾರರ ಬಡಾವಣೆಯಲ್ಲಿ 1889ರಲ್ಲಿ ಹಲ್ ಹೌಸ್ ಎಂಬ ನೆಲೆಯನ್ನು ತೆರೆದ ಜೇನ್ ಆಡಮ್ಸ್ 1909ರಲ್ಲಿ ಅಮೆರಿಕದ ಸಮಾಜಕಾರ್ಯದ ರಾಷ್ಟ್ರೀಯ ಸಮ್ಮೇಳನಕ್ಕೆ ಅಧ್ಯಕ್ಷೆಯಾಗಿ ಆಯ್ಕೆಯಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. ಮತದಾನದಲ್ಲಿ ಹೆಣ್ಣೆಂಬ ಭೇದ ಸಲ್ಲದೆಂಬ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಬಂದದ್ದು 1920ರಲ್ಲಿ. ಮತವಿಲ್ಲದ ಬಾಳು ಏನೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

ಅಭ್ಯರ್ಥಿಗೆ ಕೇಳಬೇಕಾದ ಪ್ರಶ್ನೆಗಳು

ದೂರದರ್ಶನದ ಸಂವಾದಕ್ಕೆ ಅತಿಥಿಗಳನ್ನು ಆರಿಸುವಾಗ ಚೆನ್ನಾಗಿ ಮಾತನಾಡುವವರು ನಮಗೆ ಬೇಕಾಗುತ್ತಾರೆ. ಸಂಘಕ್ಕೆ ನಾಯಕರನ್ನು ಆರಿಸುವಾಗ ಆ ಅಳತೆ ಸಾಲದು. 'ನಮ್ಮ ಕಾಲೇಜಿನವರು', 'ನಮ್ಮ ಜಿಲ್ಲೆಯವರು', 'ನಮ್ಮವರು' ಎಂಬ ಅಳತೆಗಳು ಇನ್ನೂ ಕಡಿಮೆ. ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ.

ಒಂದು, ನೀವು ಕೊನೆಯ ಬಾರಿ ಕ್ಷೇತ್ರಕಾರ್ಯಕ್ಕೆ ಹೋದದ್ದು ಯಾವಾಗ, ಅಲ್ಲಿ ಯಾರ ಮಾತು ಕೇಳಿದಿರಿ? ಎರಡು, ಸದಸ್ಯರ ವಿರುದ್ಧ ದೂರು ಬಂದರೆ ಅದನ್ನು ವಿಚಾರಿಸುವವರು ಯಾರು, ಎಷ್ಟು ದಿನದಲ್ಲಿ? ಮೂರು, ಲೆಕ್ಕಪತ್ರವನ್ನು ಎಲ್ಲ ಸದಸ್ಯರಿಗೂ ಕೊಡುತ್ತೀರಾ? ನಾಲ್ಕು, ತಾಲ್ಲೂಕು ಮಟ್ಟದಲ್ಲಿ ದುಡಿಯುವ ಕಿರಿಯರಿಗೆ ಸಮಿತಿಯಲ್ಲಿ ಸ್ಥಾನವಿದೆಯೇ, ಅಥವಾ ಎಲ್ಲರೂ ಬೆಂಗಳೂರಿನವರೇ? ಐದು, 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಸ್ಥಾನವಿದೆ. ಅಂಥ ಅಧ್ಯಯನ ಹೆಸರಿಗಷ್ಟೇ ನಡೆದರೆ ಸಂಘ ದನಿ ಎತ್ತುತ್ತದೆಯೇ? ಆರು, ಅವಧಿ ಮುಗಿದ ಮೇಲೆ ಕುರ್ಚಿ ಬಿಡುತ್ತೀರಾ?

ನೀವೂ ಮಾಡಿ ನೋಡಿ

ಇದು ದೊಡ್ಡವರ ವಿಷಯ ಎಂದು ಬದಿಗಿಡಬೇಡಿ. ನಿಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಇರಬಹುದು. 1969ರಲ್ಲಿ ಆರಂಭವಾದ ಈ ಯೋಜನೆಯ ಧ್ಯೇಯವಾಕ್ಯದ ಅರ್ಥ 'ನಾನಲ್ಲ, ನೀನು' ಎಂದು. ಮುಂದಿನ ಬಾರಿ ಘಟಕದ ನಾಯಕರನ್ನು ಆರಿಸುವಾಗ ಹೀಗೆ ಮಾಡಿ. ಶಿಬಿರ ನಡೆಯಲಿರುವ ಹಳ್ಳಿಗೆ ಮೊದಲೇ ಇಬ್ಬರು ಹೋಗಿ ಬನ್ನಿ. ಅಲ್ಲಿನ ಹತ್ತು ಮನೆಗಳಲ್ಲಿ 'ನಮ್ಮ ಶಿಬಿರದಿಂದ ನಿಮಗೆ ಏನಾಗಬೇಕು?' ಎಂದು ಕೇಳಿ, ಅವರ ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಆ ಹಾಳೆಯನ್ನು ಅಭ್ಯರ್ಥಿಗಳ ಕೈಗೆ ಕೊಟ್ಟು, ಎಲ್ಲರ ಎದುರು ಉತ್ತರಿಸಲು ಹೇಳಿ. ಆಮೇಲೆ ಮತ ಹಾಕಿ, ಎರಡನೆಯ ಆಯ್ಕೆಯನ್ನೂ ಬರೆಯಿರಿ.

ಶಿಬಿರ ಮುಗಿದ ಮೇಲೆ ಅದೇ ಹಾಳೆಯನ್ನು ಹಿಡಿದು ಅದೇ ಹತ್ತು ಮನೆಗಳಿಗೆ ಮತ್ತೆ ಹೋಗಿ. ಆರಿಸಿದ ನಾಯಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.